ಸಿಕ್ಕು, ನೀರು, ಪುರುಸೊತ್ತು: ಕೆಜಿಎಫ್–ಬಂಗಾರಪೇಟೆ ಕಡೆಯ ಒಂದು ತಲೆಕೂದಲ ಚರಿತ್ರೆ

1/10

ಬೆಳಗ್ಗೆ ಏಳೂವರೆ. ಸ್ಕೂಲ್ ವ್ಯಾನ್ ಬರೋಕೆ ಇನ್ನು ಹತ್ತೇ ನಿಮಿಷ. ನಿಮ್ಮ ಮನೆಯ ಚಿಕ್ಕ ಹುಡುಗಿ, ತಂಗಿಯೋ ಅಕ್ಕನ ಮಗಳೋ, ಅಮ್ಮನ ಎರಡು ಮೊಣಕಾಲಿನ ನಡುವೆ ಕೂತಿದ್ದಾಳೆ. ಬಾಚಣಿಗೆ ನೆತ್ತಿಯಿಂದ ಇಳಿದು ಕಿವಿ ಹಿಂದೆ ಬಂದು ನಿಂತುಬಿಡುತ್ತೆ. ಅಮ್ಮ ಎಳೀತಾರೆ. ಅವಳು ಕಿರುಚ್ತಾಳೆ. "ಅಲ್ಲಾಡ್ಬೇಡ ಅಂದ್ನಲ್ಲ" ಅಂತ ಬೆನ್ನಿಗೊಂದು ಏಟು ಬೀಳುತ್ತೆ. ಮೊದಲು ಅತ್ತದ್ದು ಸಿಕ್ಕಿಗೆ, ಆಮೇಲೆ ಅತ್ತದ್ದು ಏಟಿಗೆ.

ಇದನ್ನ ನೋಡದೇ ಇರೋರು ನಮ್ಮಲ್ಲಿ ಯಾರಿದ್ದಾರೆ? ಎಷ್ಟೋ ಜನ ಆ ಮೊಣಕಾಲಿನ ನಡುವೆ ಕೂತವರೇ. "ನಿನ್ನ ಕೂದ್ಲೇ ಸರಿಯಿಲ್ಲ ಕಣೆ" ಅನ್ನೋ ಮಾತು ಕೇಳಿ ಬೆಳೆದವರೇ.

ಈ ಹತ್ತು ಪೋಸ್ಟ್‌ಗಳಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ವಿಷಯ. ಮಗು ಅಳೋದಕ್ಕೆ ಕಾರಣ ಅದರ ಕೂದಲಲ್ಲ. ನೋವಿಲ್ಲದೆ ಸಿಕ್ಕು ಬಿಡಿಸೋಕೆ ಎರಡು ಬೇಕು: ಒಳ್ಳೆ ನೀರು, ಮತ್ತೆ ಪುರುಸೊತ್ತು. ಈ ಎರಡೂ ನಮ್ಮ ಕಡೆ ಯಾವತ್ತೂ ಧಾರಾಳವಾಗಿ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನೋದು ಬರೀ ಮನೆ ವಿಷಯ ಅಲ್ಲ, ಚರಿತ್ರೆ. ಚಿನ್ನದ ಗಣಿ, ರೈಲು, ಕೊಳವೆಬಾವಿ, ಕಾನೂನು ಎಲ್ಲಾ ಅದರಲ್ಲಿ ಬರುತ್ತೆ. ಕೊನೇ ಪೋಸ್ಟಲ್ಲಿ ಸಿಕ್ಕು ಬಿಡಿಸೋ ವಿಧಾನಾನೂ ಇದೆ. ಆದ್ರೆ ಹಾರಿಸಿ ಅಲ್ಲಿಗೇ ಹೋಗ್ಬೇಡಿ. ನಿಧಾನಕ್ಕೆ ಬನ್ನಿ, ಸಿಕ್ಕು ಬಿಡಿಸೋ ಥರಾನೇ.

2/10

ಮೊದಲು ಪದ ನೋಡೋಣ. ನಮ್ಮ ಕ್ಲಾಸನ್ನೇ ತಗೊಳ್ಳಿ. ಕೆಜಿಎಫ್‌ನವರ ಮನೇಲಿ ಹೆಚ್ಚಾಗಿ ತಮಿಳು. ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು ಎರಡೂ. ಕೆಲವರ ಮನೇಲಿ ಉರ್ದು. ಊಟದ ಡಬ್ಬಿ ತೆಗೆದಾಗ ಅನ್ನಕ್ಕೆ ಮೂರು ಹೆಸರು. ಆದ್ರೆ ಈ ತಲೆನೋವಿಗೆ ಮಾತ್ರ ಹೆಸರು ಹೆಚ್ಚುಕಮ್ಮಿ ಒಂದೇ! ಕನ್ನಡದಲ್ಲಿ ಸಿಕ್ಕು, ತಮಿಳಲ್ಲೂ ಸಿಕ್ಕು, ತೆಲುಗಲ್ಲಿ ಚಿಕ್ಕು.

ಹೇನಿನ ಕಥೇನೂ ಹಾಗೇ. ತಮಿಳಲ್ಲಿ ಪೇನ್, ತೆಲುಗಲ್ಲಿ ಪೇನು, ಹಳಗನ್ನಡದಲ್ಲೂ ಪೇನ್. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ನಮ್ಮ ಪೇನು ಹೇನಾಯ್ತು ಅಷ್ಟೆ. ಅಂದ್ರೆ ಈ ಭಾಷೆಗಳು ಬೇರೆ ಬೇರೆ ಆಗೋದಕ್ಕೂ ಮುಂಚೆ ಯಾರೋ ಒಬ್ಬ ತಾಯಿ ಮಗುವನ್ನ ಮುಂದೆ ಕೂರಿಸ್ಕೊಂಡು ಇದೇ ಪದಗಳನ್ನ ಗೊಣಗಿದ್ದಾಳೆ.

ಇನ್ನೊಂದು ಪದ 'ಜಡೆ'. ಇದು ಸಂಸ್ಕೃತದ 'ಜಟಾ'ದಿಂದ ಬಂದದ್ದು. ಜಟೆ ಅಂದ್ರೆ ಗಂಟುಗಟ್ಟಿ ಹಗ್ಗದ ಥರ ಆದ ಕೂದಲು, ಶಿವನ ತಲೇಲಿ ಇರುತ್ತಲ್ಲ ಅದು. ಕನ್ನಡದ ಬಾಯಿಗೆ ಬಂದ ಮೇಲೆ ಅದೇ ಪದ ನೀಟಾಗಿ ಬಾಚಿ, ಮೂರು ಎಳೆ ಮಾಡಿ ಹೆಣೆದ ಕೂದಲಿಗೂ ಹೆಸರಾಯ್ತು. ಒಂದೇ ಪದ, ಎದುರುಬದುರು ಎರಡು ಅರ್ಥ. ಬಾಚಿದ್ರೂ ಜಡೆ, ಬಾಚದೇ ಬಿಟ್ರೂ ಜಡೆ. ಆ ಎರಡು ಜಡೆಗಳ ನಡುವೆ ಎಷ್ಟೋ ಹೆಣ್ಣುಮಕ್ಕಳ ಬದುಕೇ ಹಾಳಾಗಿದೆ. ಅದನ್ನ 8ನೇ ಪೋಸ್ಟಲ್ಲಿ ಹೇಳ್ತೀನಿ, ಮರೀಬೇಡಿ.

3/10

ಈ ಫೋಟೋದಲ್ಲಿ ಎರಡು ಸಾಮಾನಿದೆ. ಅಗಲ ಹಲ್ಲಿಂದು ಬಾಚಣಿಗೆ. ಎರಡೂ ಕಡೆ ಒತ್ತೊತ್ತಾಗಿ ಸಣ್ಣ ಹಲ್ಲಿರೋದು ಸೀರಣಿಗೆ, ಅಂದ್ರೆ ಸೀರು ತೆಗೆಯೋ ಹಣಿಗೆ. ಕೆಲವರ ಮನೇಲಿ 'ಹೇನಿನ ಬಾಚಣಿಗೆ' ಅಂತಾರೆ. ಇವೆರಡರ ಕೆಲಸ ಬೇರೆ ಬೇರೆ, ಹಳೇ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಎಷ್ಟು ಹಳೇ ಕಾಲ? ಹರಪ್ಪಾ, ಮೊಹೆಂಜೊದಾರೊ ಅಗೆದಾಗ ಆನೆ ದಂತದ ಬಾಚಣಿಗೆಗಳು ಸಿಕ್ಕಿವೆ. ಇಸ್ರೇಲಿನ ಲಾಖೀಶ್ ಅನ್ನೋ ಜಾಗದಲ್ಲೂ ಒಂದು ಪುಟ್ಟ ದಂತದ ಬಾಚಣಿಗೆ ಸಿಕ್ಕಿತು. ಸುಮಾರು 3,700 ವರ್ಷ ಹಳೇದು. ಅದರ ಮೇಲೆ ಕೆತ್ತಿದ ಪುಟ್ಟ ಅಕ್ಷರಗಳನ್ನ ಓದಿ 2022ರಲ್ಲಿ ಪ್ರಕಟಿಸಿದರು. ತಲೆ ಮತ್ತು ಗಡ್ಡದ ಹೇನನ್ನ ಈ ದಂತ ಕಿತ್ತು ಹಾಕಲಿ ಅನ್ನೋ ಹಾರೈಕೆ ಅದು. ಅಕ್ಷರಮಾಲೆಯಲ್ಲಿ ಬರೆದು ನಮಗೆ ಸಿಕ್ಕಿರೋ ಅತಿ ಹಳೆಯ ಪೂರ್ತಿ ವಾಕ್ಯಗಳಲ್ಲಿ ಒಂದು, ನಂಬ್ತೀರಾ, ಹೇನಿನ ಬಗ್ಗೆ! ಅದರ ಒಂದು ಪಕ್ಕ ದಪ್ಪ ಹಲ್ಲು ಆರು, ಸಿಕ್ಕು ಬಿಡಿಸೋಕೆ. ಇನ್ನೊಂದು ಪಕ್ಕ ಸಣ್ಣ ಹಲ್ಲು ಹದಿನಾಲ್ಕು, ಹೇನು ತೆಗೆಯೋಕೆ. ಮೊದಲು ದಪ್ಪ, ಆಮೇಲೆ ಸಣ್ಣ. ನಾವು ಅವಸರದಲ್ಲಿ ಮರೆಯೋದು ಇದನ್ನೇ.

ಸಿಕ್ಕು ಆಗೋದಾದ್ರೂ ಯಾಕೆ? ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಕೂದಲು ನುಣುಪಾಗಿ ಕಾಣಲ್ಲ. ಮಾಡಿಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹುರುಪೆ ಇರುತ್ತೆ, ಎಲ್ಲಾ ತುದಿ ಕಡೆ ಮುಖ ಮಾಡ್ಕೊಂಡು. ಆ ಹುರುಪೆ ಎದ್ದುಬಿಟ್ರೆ ಪಕ್ಕದ ಎಳೆಗೆ ಕಚ್ಚಿಕೊಳ್ಳುತ್ತೆ. ಚಿಕ್ಕ ಮಕ್ಕಳ ಕೂದಲು ತೆಳು, ಹಗುರ. ರಾತ್ರಿಯೆಲ್ಲಾ ದಿಂಬಿಗೆ ಉಜ್ಜಿ ಉಜ್ಜಿ ಕತ್ತಿನ ಹಿಂದೆ ಗಂಟಾಗುತ್ತೆ. ಗುಂಗುರು ಕೂದಲಾದ್ರೆ ಇನ್ನೂ ಬೇಗ. ಇದರಲ್ಲಿ ಮಗುವಿನ ತಪ್ಪೇನು?

4/10

ಈಗ ನಮ್ಮೂರಿಗೆ ಬರೋಣ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲಿಷ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಉಸ್ತುವಾರಿ ಹಿಡೀತು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಸಾವಿರಾರು ಕುಟುಂಬಗಳು ಬಂದವು. ಬಹುಪಾಲು ದಲಿತರು. ಅವರಿಗೆ ಸಿಕ್ಕಿದ್ದು 'ಲೈನ್'ಗಳು: ಸಾಲು ಸಾಲಾಗಿ ಒಂದೊಂದೇ ಕೋಣೆಯ ಮನೆಗಳು, ಎಷ್ಟೋ ಕಡೆ ಬಿದಿರು ತಟ್ಟಿಯ ಗೋಡೆ. ಅದೇ ಊರಲ್ಲಿ ದೊರೆಗಳಿಗೆ ತೋಟದ ನಡುವೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ.

1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ. ಇದನ್ನ ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಆದ್ರೆ ಅದು ಬಂದದ್ದು ಗಣಿ ಯಂತ್ರಗಳಿಗೆ. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದ ನೀರೂ ಬಂತು. ಅದರಲ್ಲೂ ಲೈನ್‌ಗಳ ಪಾಲಿಗೆ ಬಂದದ್ದು ಬೀದಿ ನಲ್ಲಿ, ಸಾಲು, ಕೊಡ. ಹೊತ್ತು ತಂದ ಕೊಡದಲ್ಲಿ ಮೊದಲು ಅಡುಗೆ, ಆಮೇಲೆ ಕುಡಿಯೋಕೆ, ಆಮೇಲೆ ಪಾತ್ರೆ. ಮಗುವಿನ ತಲೆಯ ಸರದಿ ಕೊನೇಲಿ.

ತಲೆ ಮೇಲೆ ಬೀಳ್ತಿದ್ದದ್ದು ಏನು ಅಂತಾನೂ ನೋಡಿ. ಚಿನ್ನ ತೆಗೆಯೋಕೆ ಕಲ್ಲನ್ನ ಹಿಟ್ಟಿನ ಥರ ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ತೊಳೀತಿದ್ರು. ಚಿನ್ನ ಲಂಡನ್ನಿಗೆ ಹೋಯ್ತು, ಅರೆದ ಪುಡಿ ಇಲ್ಲೇ ಗುಡ್ಡ ಆಯ್ತು. ನಾವು ರೀಲ್ಸ್ ಮಾಡೋಕೆ ಹತ್ತೋ 'ಸೈನೈಡ್ ಗುಡ್ಡ' ಅದೇ. ಗಾಳಿ ಜೋರಾದಾಗ ಆ ದೂಳು ಕಿಟಕಿ ಸಂದಿಯಿಂದ ಮನೆಯೊಳಕ್ಕೆ, ಅನ್ನದ ತಟ್ಟೆಗೆ, ಆಡೋ ಮಕ್ಕಳ ತಲೆಗೆ. ಕೂದಲ ಎಳೆಗಳ ನಡುವೆ ನುಣ್ಣನೆ ಮರಳು ಸೇರಿದ್ರೆ ಏನಾಗುತ್ತೆ? ಉಜ್ಜಾಟ ಜಾಸ್ತಿ, ಗಂಟು ಜಾಸ್ತಿ. ನಮ್ಮೂರ ಮಕ್ಕಳ ಸಿಕ್ಕಿನಲ್ಲಿ ಗಣಿಯ ಪಾಲೂ ಇದೆ.

5/10

ನೀರು ಸಿಕ್ಕಿದ್ರೆ ಸಾಕಾ? ಎಂಥಾ ನೀರು ಅನ್ನೋದೂ ಮುಖ್ಯ. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ಒಂದು ನದಿಯೂ ಇಲ್ಲ. ಹಿಂದಿನವರು ಕೆರೆ ಕಟ್ಟಿ ಬದುಕಿದ್ರು. ಕೆರೆ ಬತ್ತಿದ ಮೇಲೆ ಕೊಳವೆಬಾವಿ. ನೂರಾರು ಅಡಿ ಇದ್ದದ್ದು ಈಗ ಎಷ್ಟೋ ಕಡೆ ಸಾವಿರ ಅಡಿ ದಾಟಿದೆ. ಅಷ್ಟು ಆಳದ ಬಂಡೆ ಸಂದಿಯಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ. ಅದೇ ಗಡಸು ನೀರು. ಕೆಲವು ಕಡೆ ಫ್ಲೋರೈಡೂ ಜೊತೆಗೆ.

ಗಡಸು ನೀರಿಗೆ ಸೋಪು ಹಾಕಿ ನೋಡಿ. ನೊರೆ ಬರಲ್ಲ, ಬಿಳಿ ಜಿಡ್ಡು ತೇಲುತ್ತೆ. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಕೆಸರಾಗುತ್ತೆ, ಕೆಮಿಸ್ಟ್ರಿ ಪಾಠದಲ್ಲಿ ಓದಿದ್ದೀವಿ. ಬಕೆಟ್ಟಿಗೆ ಅಂಟೋ ಅದೇ ಕೆಸರು ಕೂದಲಿಗೂ ಅಂಟುತ್ತೆ. ಒಣಗಿದ ಮೇಲೆ ಕೂದಲು ತೆಂಗಿನ ನಾರು. ಸೋಪು ಕ್ಷಾರ ಬೇರೆ, ಹುರುಪೆಗಳು ಎದ್ದು ನಿಲ್ಲುತ್ವೆ.

ಅಜ್ಜಿಯರ ಸೀಗೇಕಾಯಿ ಇಲ್ಲಿ ಗೆಲ್ಲುತ್ತೆ. ಸೀಗೆ, ಅಂಟವಾಳದಲ್ಲಿ ಇರೋದು ಸಪೋನಿನ್ ಅನ್ನೋ ನೊರೆಕಾರಕ. ಅದು ಗಡಸು ನೀರಲ್ಲಿ ಸೋಪಿನ ಹಾಗೆ ಕೆಸರು ಕಟ್ಟಲ್ಲ. ಸೀಗೆ ಸ್ವಲ್ಪ ಹುಳಿ ಗುಣದ್ದು, ಹಾಗಾಗಿ ಹುರುಪೆ ಮಲಗೇ ಇರುತ್ತೆ. ದಾಸವಾಳದ ಎಲೆಯ ಲೋಳೆ, ನೆನೆಸಿ ಅರೆದ ಮೆಂತ್ಯ ಇವೆಲ್ಲ ಎಳೆಗಳ ನಡುವೆ ಜಾರಿಕೆ ಕೊಡುತ್ವೆ. ಕಣ್ಣಿಗೆ ಬಿದ್ರೆ ಉರಿ ಅನ್ನೋದು ನಿಜ, ಅದನ್ನ ಯಾರೂ ಮರೆತಿಲ್ಲ!

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರ್ತಿದೆ. 2023ರಲ್ಲಿ ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟೂ ಉದ್ಘಾಟನೆ ಆಯ್ತು. ನಿಮ್ಮ ಮನೆಯ ಬಕೆಟ್ಟಲ್ಲಿ ಇವತ್ತು ಯಾವ ನೀರಿದೆ? ಅದು ಗೊತ್ತಾದ್ರೆ ಸಿಕ್ಕಿನ ಅರ್ಧ ಕಾರಣ ಗೊತ್ತಾದ ಹಾಗೆ.

6/10

"ಅದಕ್ಕೇ ತಾನೇ ಶಾಂಪೂ ಬಂದದ್ದು?" ಅಂತೀರಾ. ಆ ಪದ ಇಲ್ಲಿಂದಲೇ ಹೋಗಿ ತಿರುಗಿ ಬಂದದ್ದು. ಹಿಂದಿಯ 'ಚಾಂಪೋ', ಅಂದ್ರೆ ಒತ್ತು, ನೀವು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಇಂಗ್ಲೆಂಡಿಗೆ ಹೋಗಿ ಬ್ರೈಟನ್ ಅನ್ನೋ ಕಡಲೂರಲ್ಲಿ ಹಬೆ ಸ್ನಾನದ ಮನೆ ಇಟ್ಟ. ಅಲ್ಲಿ ಅವನು ಮಾಡ್ತಿದ್ದ ಮೈ ನೀವೋ ಕೆಲಸಕ್ಕೇ ಶಾಂಪೂಯಿಂಗ್ ಅಂತ ಹೆಸರು. ಇಂಗ್ಲೆಂಡಿನ ಇಬ್ಬರು ರಾಜರಿಗೆ ಆ ಸೇವೆ ಮಾಡಿದ. ಆಮೇಲೆ ಆ ಪದ ತಲೆ ತೊಳೆಯೋದಕ್ಕೆ ನಿಂತಿತು. ಅಂದ್ರೆ ಶಾಂಪೂ ಅಂದ್ರೆ ಮೂಲದಲ್ಲಿ ಬಾಟಲಿ ಅಲ್ಲ, ನಿಧಾನವಾಗಿ ಆಡೋ ಕೈ.

ನಮ್ಮ ಬೀದಿ ಅಂಗಡಿಗೆ ಅದು ಬಂದದ್ದು ಸ್ಯಾಶೆ ರೂಪದಲ್ಲಿ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಅನ್ನೋರು ಪುಟ್ಟ ಪೊಟ್ಟಣದಲ್ಲಿ ಮಾರೋ ಯೋಚನೆ ಮಾಡಿದ್ರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರು ಮಾಡಿದ್ರು. ಬಾಟಲಿ ಕೊಳ್ಳೋಕಾಗದ ಮನೆಗೂ ಅಂಗಡಿಗೆ ತೂಗುಹಾಕಿದ ಸರದಿಂದ ಒಂದು ಪೊಟ್ಟಣ ಹರಿದುಕೊಂಡು ಬರೋದು ಸಾಧ್ಯ ಆಯ್ತು. ಶಾಂಪೂ ಗಡಸು ನೀರಲ್ಲೂ ಕೆಸರು ಕಟ್ಟಲ್ಲ, ಅದು ನಿಜವಾದ ಉಪಕಾರ.

ಆದ್ರೆ ಅದು ಎಣ್ಣೆ ಜಿಡ್ಡನ್ನೂ ತೊಳೆದು ಹಾಕುತ್ತೆ. ಜಾರಿಕೆ ಹೋದ ಕೂದಲು ಮತ್ತೆ ಸಿಕ್ಕಾಗುತ್ತೆ. ಅದಕ್ಕೆ ಎಣ್ಣೆ ಬೇಕು. 2003ರಲ್ಲಿ ಮುಂಬೈನ ಇಬ್ಬರು ಸಂಶೋಧಕರು ಮೂರು ಎಣ್ಣೆ ಹೋಲಿಸಿ, ತೆಂಗಿನೆಣ್ಣೆ ಮಾತ್ರ ಕೂದಲಿನ ಪ್ರೋಟೀನ್ ನಷ್ಟವನ್ನ ಚೆನ್ನಾಗಿ ಕಮ್ಮಿ ಮಾಡುತ್ತೆ ಅಂತ ತೋರಿಸಿದ್ರು. ಅವರು ತೆಂಗಿನೆಣ್ಣೆ ಮಾರೋ ಕಂಪನಿಯ ಪ್ರಯೋಗಾಲಯದವರೇ ಅನ್ನೋದನ್ನೂ ನೆನಪಲ್ಲಿ ಇಟ್ಕೊಳ್ಳಿ. ಚರಿತ್ರೆ ಓದೋರು ಯಾರು ಹೇಳಿದ್ರು ಅಂತ ಕೇಳ್ಬೇಕು.

7/10

ಬಾಚಿದ ಮೇಲೆ ಹಲ್ಲಲ್ಲಿ ಉಳಿಯೋ ಕೂದಲ ಉಂಡೆ ಏನಾಗುತ್ತೆ? ನಿಮ್ಮ ಅಜ್ಜಿ ಅದನ್ನ ಸುತ್ತಿ ಗೋಡೆ ಸಂದಿಗೋ ಪ್ಲಾಸ್ಟಿಕ್ ಕವರಿಗೋ ಸೇರಿಸಿ ಇಡ್ತಿರಬಹುದು. ಒಂದು ದಿನ ಬೀದಿಯಲ್ಲಿ ಕೂದಲು ಕೊಳ್ಳೋರು ಬರ್ತಾರೆ. ಕೂದಲು ಕೊಟ್ರೆ ಸ್ಟೀಲ್ ಪಾತ್ರೆ, ಪಿನ್ನು, ಇಲ್ಲಾ ದುಡ್ಡು.

ಅಂಥ ಉಂಡೆಗಳು ಹೋಗಿ ಸೇರೋ ಊರುಗಳಲ್ಲಿ ಒಂದು ನಮ್ಮ ರಾಜ್ಯದಲ್ಲೇ ಇದೆ: ಕೊಪ್ಪಳದ ಪಕ್ಕದ ಭಾಗ್ಯನಗರ. ಅಲ್ಲಿ ಸಿಕ್ಕು ಬಿಡಿಸೋದೇ ಉದ್ಯಮ. ಹೆಂಗಸರು ಉಂಡೆಯನ್ನ ಮುಂದೆ ಇಟ್ಕೊಂಡು ಎಳೆ ಎಳೆಯಾಗಿ ಕೈಯಲ್ಲೇ ಬಿಡಿಸ್ತಾರೆ. ಬಿಡಿಸಿದ್ದನ್ನ ಬಾಚಿ, ಉದ್ದದ ಪ್ರಕಾರ ವಿಂಗಡಿಸಿ ವಿಗ್ ಮಾಡೋ ದೇಶಗಳಿಗೆ ಕಳಿಸ್ತಾರೆ. ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲಿಗೆ ಬೆಲೆ ಜಾಸ್ತಿ, ಯಾಕಂದ್ರೆ ಅದರಲ್ಲಿ ಬುಡ ಒಂದು ಕಡೆ, ತುದಿ ಒಂದು ಕಡೆ ಇರುತ್ತೆ. ಬಾಚಣಿಗೆಯ ಉಂಡೆಯಲ್ಲಿ ಬುಡ ತುದಿ ಎಲ್ಲಾ ಅದಲುಬದಲು. 3ನೇ ಪೋಸ್ಟಿನ ಹುರುಪೆ ನೆನಪಿದೆಯಲ್ಲ? ಅವು ಒಂದಕ್ಕೊಂದು ಎದುರಾಗಿ ಕಚ್ಚಿಕೊಳ್ಳುತ್ವೆ.

ಎಳೆದ್ರೆ ಕೂದಲು ತುಂಡಾಗುತ್ತೆ, ತುಂಡಾದ್ರೆ ಬೆಲೆ ಹೋಗುತ್ತೆ. ಹಾಗಾಗಿ ಅಲ್ಲಿ ಯಾರೂ ಎಳೆಯಲ್ಲ. ಯೋಚನೆ ಮಾಡಿ: ಉದುರಿಹೋದ, ನೋವೇ ಗೊತ್ತಾಗದ ಕೂದಲಿಗೆ ಅಷ್ಟು ತಾಳ್ಮೆ. ಜೀವಂತ ಮಗುವಿನ ತಲೆ ಮೇಲಿರೋ ಕೂದಲಿಗೆ ಹತ್ತು ನಿಮಿಷ.

8/10

ಸಿಕ್ಕನ್ನ ಬಿಡಿಸದೆ ಹಾಗೇ ಬಿಟ್ರೆ? ತಿಂಗಳುಗಟ್ಟಲೆ ಎಣ್ಣೆ, ನೀರು, ಬಾಚಣಿಗೆ ಕಾಣದ ಕೂದಲು ಕಂಬಳಿಯ ಹಾಗೆ ಗಟ್ಟಿಯಾಗಿ ಹಗ್ಗ ಆಗುತ್ತೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಡುಗಿಯ ತಲೇಲಿ ಅದು ಕಂಡ್ರೆ 'ಜಡೆ ಬಂದಿದೆ' ಅಂತಿದ್ರು. ಸವದತ್ತಿ ಯಲ್ಲಮ್ಮ ಕರೀತಿದ್ದಾಳೆ, ಕತ್ತರಿಸಿದ್ರೆ ಕೇಡು, ಹುಡುಗಿಯನ್ನ ದೇವಿಗೆ ಬಿಡಬೇಕು ಅನ್ನೋ ನಂಬಿಕೆ. ಹಾಗೆ ಮುತ್ತು ಕಟ್ಟಿಸಿಕೊಂಡ ಹುಡುಗಿ ಮದುವೆ ಆಗೋ ಹಾಗಿಲ್ಲ, ಊರಿನ ಗಂಡಸರ ಪಾಲು. ಹಾಗೆ ಬಿಟ್ಟವರಲ್ಲಿ ಬಹುಪಾಲು ದಲಿತ ಹುಡುಗಿಯರೇ. ಬಡತನ, ಜಾತಿ, ಹರಕೆ ಇವೆಲ್ಲ ಕಾರಣ. ಜಡೆ ಎಷ್ಟೋ ಸಲ ನೆಪ.

ಕೋಲಾರ ಸೇರಿದ್ದ ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಸವದತ್ತಿ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಅಲ್ಲಿ 1934ರ ಕಾಯ್ದೆ. ಅದೂ ಸಾಲದೆ ಕರ್ನಾಟಕ 1982ರಲ್ಲಿ ಸಮರ್ಪಣೆಯನ್ನೇ ಅಪರಾಧ ಮಾಡಿತು. ಮೂರು ಸಲ ಕಾನೂನು ಬೇಕಾಯ್ತು ಅಂದ್ರೆ ಅರ್ಥ ಮಾಡ್ಕೊಳ್ಳಿ, ಗಂಟು ತಲೇಲಿ ಮಾತ್ರ ಇರಲಿಲ್ಲ.

ಇದು ನಮ್ಮವರಿಗೆ ಮಾತ್ರ ಅಂಟಿದ ಮೂಢನಂಬಿಕೆ ಅಲ್ಲ. ಪೋಲೆಂಡಿನಲ್ಲೂ ಇಂಥ ಜಡೆಗೆ ಹೆದರ್ತಿದ್ರು, ಕತ್ತರಿಸಿದ್ರೆ ಕಣ್ಣು ಹೋಗುತ್ತೆ, ಹುಚ್ಚು ಹಿಡಿಯುತ್ತೆ ಅಂತ. 19ನೇ ಶತಮಾನದಲ್ಲಿ ಕ್ರಾಕೋವ್ ಊರಿನ ವೈದ್ಯ ಯೂಝೆಫ್ ಡೀಟ್ಲ್, ಇದು ರೋಗ ಅಲ್ಲ, ತೊಳೆಯದೆ ಬಾಚದೆ ಬಿಟ್ಟ ಕೂದಲು ಅಷ್ಟೇ ಅಂತ ಹೋರಾಡಿದ್ರು. ದೊಡ್ಡವರು ತಾವೇ ಇಷ್ಟಪಟ್ಟು ಜಟೆ ಬಿಟ್ರೆ ಅದು ಅವರ ಇಷ್ಟ. ಮಗುವಿಗೆ ಆ ಆಯ್ಕೆ ಎಲ್ಲಿದೆ? ಅದಕ್ಕೆ ಬೇಕಿದ್ದದ್ದು ದೇವಿಯ ಕರೆ ಅಲ್ಲ, ಎಣ್ಣೆ, ನೀರು, ಅದಕ್ಕಾಗಿ ಕೂರೋ ಒಬ್ಬರು.

9/10

ಕೂರೋಕೆ ಪುರುಸೊತ್ತು ಬೇಕಲ್ಲ. ಅದರ ಕಥೆ ರೈಲಿನಲ್ಲಿದೆ. ಮದರಾಸಿನ ಲೈನು 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬೆಂಗಳೂರು ಮುಟ್ಟಿತು. ದಾರಿಯ ಸ್ಟೇಷನ್ನಿಗೆ ಆಗಿನ ಕಮಿಷನರ್ ಲೆವಿನ್ ಬೌರಿಂಗ್ ಹೆಸರು: ಬೌರಿಂಗ್‌ಪೇಟೆ. ಅದೇ ಇವತ್ತಿನ ಬಂಗಾರಪೇಟೆ. 1894ರಲ್ಲಿ ಅಲ್ಲಿಂದ ಗಣಿಗೆ ಕವಲು ಲೈನು ಬಂತು. ಗಣಿಯಲ್ಲಿ ಪಾಳಿ. ಸೈರನ್ ಕೂಗಿದಾಗ ಮನೆ ಏಳ್ಬೇಕು, ಮಲಗ್ಬೇಕು. ಕೈಗಡಿಯಾರ ಇಲ್ಲದ ಮನೆಯಲ್ಲೂ ಗಂಟೆ ಕಂಪನಿಯದ್ದೇ.

2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಸೈರನ್ ನಿಂತಿತು, ಅವಸರ ನಿಲ್ಲಲಿಲ್ಲ. ಚಿನ್ನ ಸಾಗಿಸೋಕೆ ಹಾಕಿದ ಅದೇ ಹಳಿ ಮೇಲೆ ಈಗ ಕೆಲಸಕ್ಕೆ ಹೋಗೋ ಜನ ಸಾಗ್ತಾರೆ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹೊರಟು ಬಂಗಾರಪೇಟೆಗೆ ಬರೋ ಹೊತ್ತಿಗೆ ನಿಲ್ಲೋಕೂ ಜಾಗ ಇರಲ್ಲ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಗಾರ್ಮೆಂಟ್ಸ್, ಆಸ್ಪತ್ರೆ, ಅಂಗಡಿ, ಮನೆಕೆಲಸ. ರೈಲು ಹತ್ತೋ ಅಮ್ಮ ಮಗು ಏಳೋ ಮುಂಚೆ ಹೊರಡ್ತಾಳೆ, ಇಲ್ಲಾ ನಿದ್ದೆಗಣ್ಣಿನ ಮಗುವನ್ನ ಎಬ್ಬಿಸಿ ತಲೆ ಬಾಚಿ ಹೊರಡ್ತಾಳೆ. ಎಳೆಯೋದು ಅವಳ ಕೈಯಾದ್ರೂ ಎಳೆಸೋದು ರೈಲಿನ ಟೈಮು.

ಅದಕ್ಕೇ ನಾನು ಅಮ್ಮಂದಿರನ್ನ ಬೈಯಲ್ಲ. ಆದ್ರೆ ಒಂದು ಪ್ರಶ್ನೆ ಕೇಳ್ತೀನಿ. ಮನೇಲಿ ಅಪ್ಪ ಇದ್ದಾರೆ, ಅಣ್ಣ ಇದ್ದಾನೆ, ಫೋನ್ ಹಿಡ್ಕೊಂಡು ಇದನ್ನ ಓದ್ತಿರೋ ನೀವಿದ್ದೀರ. ಬಾಚಣಿಗೆ ಯಾಕೆ ಯಾವಾಗ್ಲೂ ಒಬ್ಬರ ಕೈಯಲ್ಲೇ ಇರ್ಬೇಕು?

10/10

ಹಾಗಾಗಿ ಇದು ನಿಮಗೆ. ಇವತ್ತು ರಾತ್ರಿಯೇ ಶುರು ಮಾಡಿ, ಬೆಳಗ್ಗೆ ಬೇಡ.

ಊಟ ಆದ ಮೇಲೆ ಮಗುವನ್ನ ಆರಾಮಾಗಿ ಕೂರಿಸಿ. ಕೈಗೆ ಒಂದು ಗೊಂಬೆ, ಇನ್ನೊಂದು ಬಾಚಣಿಗೆ ಕೊಡಿ, ಅದು ಗೊಂಬೆಯ ತಲೆ ಬಾಚಲಿ. ಎರಡು ಮೂರು ಹನಿ ಎಣ್ಣೆ ಅಂಗೈಗೆ ಹಾಕಿ ಉಜ್ಜಿ ಸಿಕ್ಕಿನ ಮೇಲೆ ಸವರಿ. ಕೂದಲನ್ನ ನಾಲ್ಕು ಪಾಲು ಮಾಡಿ, ಮೂರನ್ನ ಕ್ಲಿಪ್ಪಲ್ಲಿ ಸಿಕ್ಕಿಸಿ, ಒಂದನ್ನ ಕೈಗೆ ತಗೊಳ್ಳಿ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ.

ಗುಟ್ಟು ಇಲ್ಲಿದೆ: ಗಂಟಿನ ಮೇಲುಗಡೆ ಕೂದಲನ್ನ ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡ್ಕೊಳ್ಳಿ. ಆಗ ಎಳೆತ ನಿಮ್ಮ ಕೈಗೆ ಬರುತ್ತೆ, ನೆತ್ತಿಗೆ ಹೋಗಲ್ಲ. ತುದಿಯಿಂದ ಶುರು ಮಾಡಿ ಎರಡು ಬೆರಳಷ್ಟು ಬಿಡಿಸಿ, ಆಮೇಲೆ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ. ನೆತ್ತಿಯಿಂದ ಒಂದೇ ಸಲ ಎಳೆದ್ರೆ ಎಲ್ಲಾ ಗಂಟೂ ಕೆಳಗೆ ಹೋಗಿ ಒಂದು ದೊಡ್ಡ ಗಂಟಾಗುತ್ತೆ. ಒದ್ದೆ ಕೂದಲು ಹಿಗ್ಗಿ ಬೇಗ ತುಂಡಾಗುತ್ತೆ, ಅದಕ್ಕೆ ಇನ್ನೂ ಮೆತ್ತಗೆ. ಸೀರಣಿಗೆ ಸಿಕ್ಕೆಲ್ಲಾ ಬಿಟ್ಟ ಮೇಲೆ ಮಾತ್ರ. ಗಂಟು ಉಣ್ಣೆಯ ಹಾಗೆ ಗಟ್ಟಿಯಾಗಿದ್ರೆ ಅಡ್ಡ ಕತ್ತರಿಸ್ಬೇಡಿ. ಕೂದಲಿನ ಉದ್ದಕ್ಕೇ ಕತ್ತರಿ ತುದಿಯಿಂದ ಸೀಳಿ, ಬೆರಳಲ್ಲಿ ಬಿಡಿಸಿ. ಕೊನೆಗೆ ಸಡಿಲವಾಗಿ ಒಂದು ಜಡೆ ಹಾಕಿ ಮಲಗಿಸಿ. ಬೆಳಗ್ಗೆ ಎರಡೇ ನಿಮಿಷದ ಕೆಲಸ.

ಮಗು "ಸಾಕು" ಅಂದ್ರೆ ನಿಲ್ಲಿಸಿ, ನೀರು ಕುಡಿಸಿ, ಮತ್ತೆ ಶುರು ಮಾಡಿ. ತಾನು ಹೇಳಿದ ಮಾತು ನಡೆಯುತ್ತೆ ಅಂತ ಗೊತ್ತಾದ ಮಗು ಅರ್ಧ ಅಳೋದನ್ನೇ ಬಿಡುತ್ತೆ.

ನಲ್ಲಿ ನೀರಿನ ಗಡಸನ್ನ ನಾವು ಒಂದು ರಾತ್ರಿಯಲ್ಲಿ ಬದಲಾಯಿಸೋಕಾಗಲ್ಲ. ಸೈನೈಡ್ ಗುಡ್ಡದ ದೂಳನ್ನೂ ಅಷ್ಟೇ, ರೈಲಿನ ಟೈಮನ್ನೂ ಅಷ್ಟೇ. ಅದಕ್ಕೆಲ್ಲ ಕೇಳ್ಬೇಕು, ಹೋರಾಡ್ಬೇಕು, ಕೇಳೋಣ. ಆದ್ರೆ ರಾತ್ರಿ ಇಪ್ಪತ್ತು ನಿಮಿಷ ನಮ್ಮ ಕೈಯಲ್ಲಿದೆ. ಅಷ್ಟು ಪುರುಸೊತ್ತು ನಮ್ಮ ಅಜ್ಜಿಯರಿಗೆ ಯಾರೂ ಕೊಡಲಿಲ್ಲ. ನಾವು ನಮ್ಮ ಮನೆಯ ಪುಟ್ಟಿಗೆ ಕೊಡೋಣ.

ನಿಮ್ಮ ಮನೇಲಿ ಹಳೇ ಸೀರಣಿಗೆ ಇದ್ರೆ ಫೋಟೋ ಕಳಿಸಿ. ಅದು ಯಾರದ್ದು, ಯಾವ ಲೈನ್ ಮನೇದು, ಯಾವ ಸಂತೇಲಿ ಕೊಂಡದ್ದು ಅಂತ ಅಜ್ಜಿಯನ್ನ ಕೇಳಿ ಬರೀರಿ. ಕೇಳೋವಾಗ ಅವರ ತಲೇನೂ ಒಂದ್ಸಲ ಬಾಚಿ.

#ಸಿಕ್ಕು #ಕೆಜಿಎಫ್ #ಬಂಗಾರಪೇಟೆ #ನಮ್ಮೂರಚರಿತ್ರೆ